ಅಯಾನಿಕ ದ್ರವ: ಎನ್‌ಎಂಆರ್ ಬಿಡಿಸಿದ ಕೆಲವು ಭ್ರಮೆಗಳು

ತಪ್ಪು ಕಲ್ಪನೆ: ಅಯಾನಿಕ ದ್ರವ ಎಂದರೆ ಉಪ್ಪುನೀರು.

ಸತ್ಯ: ಇಲ್ಲಿ ನೀರಿಗೆ ಕೆಲಸವೇ ಇಲ್ಲ, ಉಪ್ಪೇ ದ್ರವ. ಅಡುಗೆ ಉಪ್ಪು ಕಾದು ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. 1914ರಲ್ಲಿ ಪಾಲ್ ವಾಲ್ಡೆನ್ ವರದಿ ಮಾಡಿದ ಈಥೈಲ್ ಅಮೋನಿಯಂ ನೈಟ್ರೇಟ್‌ಗೆ 12 ಡಿಗ್ರಿ ಸಾಕು.

ತಪ್ಪು ಕಲ್ಪನೆ: ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೋನೆನ್ಸ್) ಹೆಸರಿನಲ್ಲಿ 'ನ್ಯೂಕ್ಲಿಯರ್' ಇದೆ, ಹಾಗಾಗಿ ವಿಕಿರಣದ ಅಪಾಯವಿದೆ.

ಸತ್ಯ: ಯಾವ ಪರಮಾಣು ಬೀಜವೂ ಒಡೆಯುವುದಿಲ್ಲ. ಪ್ರಬಲ ಕಾಂತಕ್ಷೇತ್ರದಲ್ಲಿರುವ ಬೀಜಗಳು ರೇಡಿಯೊ ತರಂಗಗಳಿಗೆ ಕೊಡುವ ಉತ್ತರವನ್ನು ಯಂತ್ರ ಆಲಿಸುತ್ತದೆ, ಅಷ್ಟೆ.

ತಪ್ಪು ಕಲ್ಪನೆ: ಎನ್‌ಎಂಆರ್‌ಗಾಗಿ ಮಾದರಿಯನ್ನು ಡ್ಯುಟೀರಿಯಂ (ಭಾರ ಹೈಡ್ರೋಜನ್) ಇರುವ ದ್ರಾವಕದಲ್ಲಿ ಕರಗಿಸಲೇಬೇಕು.

ಸತ್ಯ: ಕರಗಿಸಿದರೆ ಅಯಾನುಗಳ ನೆರೆಹೊರೆಯೇ ಬದಲಾಗುತ್ತದೆ, ನೋಡಬೇಕಾದದ್ದೇ ಕೈತಪ್ಪುತ್ತದೆ. ಆದ್ದರಿಂದ ಡ್ಯುಟೀರಿಯಂ ದ್ರಾವಕವನ್ನು ತೆಳುವಾದ ಗಾಜಿನ ನಳಿಕೆಯಲ್ಲಿ ಮುಚ್ಚಿ, ಶುದ್ಧ ದ್ರವದೊಳಗೆ ಇಳಿಸುತ್ತಾರೆ. ದ್ರವ ಮಂದವಾಗಿದ್ದು ರೋಹಿತದ ಗೆರೆಗಳು ಅಗಲವಾದರೆ ಸ್ವಲ್ಪ ಬಿಸಿ ಮಾಡುತ್ತಾರೆ.

ತಪ್ಪು ಕಲ್ಪನೆ: ಇರುವುದೆಲ್ಲ ಅಯಾನುಗಳೇ, ಆದ್ದರಿಂದ ಎಲ್ಲವೂ ಸ್ವತಂತ್ರವಾಗಿ ವಿದ್ಯುತ್ ಒಯ್ಯುತ್ತವೆ, ಚಿಕ್ಕ ಅಯಾನು ವೇಗವಾಗಿ ಓಡುತ್ತದೆ.

ಸತ್ಯ: ಎನ್‌ಎಂಆರ್‌ನ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ಕಾಂತಕ್ಷೇತ್ರದ ಇಳಿಜಾರನ್ನು ಸ್ಪಂದನಗಳಾಗಿ ಕೊಟ್ಟು, ಅಯಾನು ಎಷ್ಟು ದೂರ ಸರಿಯಿತು ಎಂದು ಅಳೆಯಬಹುದು. ಉದಾಹರಣೆಗೆ, ಇಮಿಡಜೋಲಿಯಂ ಧನ ಅಯಾನನ್ನು ಹೈಡ್ರೋಜನ್ ಸಂಕೇತದಿಂದ, ಟೆಟ್ರಾಫ್ಲೋರೋಬೋರೇಟ್ ಋಣ ಅಯಾನನ್ನು ಫ್ಲೋರಿನ್ ಸಂಕೇತದಿಂದ ಬೇರೆಬೇರೆಯಾಗಿ ಹಿಂಬಾಲಿಸಬಹುದು. ವಾಹಕತೆಯ ಮಾಪಕಕ್ಕೆ ಇದು ಸಾಧ್ಯವಿಲ್ಲ; ಅದು ಕೊಡುವುದು ಒಟ್ಟು ಮೊತ್ತ ಮಾತ್ರ. ಹೀಗೆ ಅಳೆದಾಗ ಗಾತ್ರದಲ್ಲಿ ದೊಡ್ಡದಾದ ಇಮಿಡಜೋಲಿಯಮ್ಮೇ ಮುಂದಿರುವುದು ಕಂಡುಬಂದಿದೆ! ಅದರ ಚಪ್ಪಟೆ ಆಕಾರವೂ ಲೆಕ್ಕಕ್ಕೆ ಬರುತ್ತದೆ, ಗಾತ್ರವೊಂದೇ ಅಲ್ಲ.

ಈ ಚಲನೆಯಿಂದ ಲೆಕ್ಕ ಹಾಕಿದ ವಾಹಕತೆಗಿಂತ ನೇರವಾಗಿ ಅಳೆದದ್ದು ಸಾಮಾನ್ಯವಾಗಿ ಕಡಿಮೆ. ಇದನ್ನು ಕಂಡು ಅಯಾನುಗಳು ಕಾಯಂ ಜೋಡಿಗಳಾಗಿವೆ ಎಂದುಬಿಡುವುದು ಅವಸರದ ತೀರ್ಪು. ವಿರುದ್ಧ ಆವೇಶದ ನೆರೆಯ ಅಯಾನುಗಳು ಕ್ಷಣಕಾಲ ಜತೆಯಾಗಿ ಸರಿದು ಮತ್ತೆ ಬೇರೆಯಾದರೂ ವಾಹಕತೆ ಕುಗ್ಗುತ್ತದೆ. ಬ್ಯಾಟರಿಗೆ ವಿದ್ಯುದ್ವಿಚ್ಛೇದ್ಯ ಹುಡುಕುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ.

ಒಂದು ಎಚ್ಚರಿಕೆ: ಗಾಳಿಯಿಂದ ಹೀರಿದ ತುಸು ತೇವವೂ ದ್ರವವನ್ನು ತೆಳುವಾಗಿಸಿ ಅಯಾನುಗಳ ವೇಗ ಹೆಚ್ಚಿಸುತ್ತದೆ. ಮಾದರಿಯನ್ನು ನಿರ್ವಾತದಲ್ಲಿ ಒಣಗಿಸದೆ, ನಳಿಕೆಯನ್ನು ಬಿಗಿಯಾಗಿ ಮುಚ್ಚದೆ ಪಡೆದ ಅಂಕಿಗಳನ್ನು ನಾನಂತೂ ನಂಬುವುದಿಲ್ಲ.