ಊರು ಬಿಟ್ಟವನ ಮತ ಯಾವ ಊರಿನದು?

(ಜುಮಾ ಖುತ್ಬಾದ ಸಾರಾಂಶ, ನಂಗಲಿ)



ನಮ್ಮ ಮಕ್ಕಳು ದುಡಿಮೆಗಾಗಿ ಬೆಂಗಳೂರಿಗೆ, ಗಲ್ಫ್‌ಗೆ ಹೋಗಿದ್ದಾರೆ. ಗಡಿಯಾಚೆಯ ಪಲಮನೇರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದವರೂ ಇದ್ದಾರೆ. ಹೋಗಿ ಸೇರಿದ ನಾಡಿನ ಆಡಳಿತದಲ್ಲಿ ವಲಸಿಗನಿಗೆ ಏನು ಪಾಲು?

ಯೂಸುಫ್(ಅ) ಈಜಿಪ್ಟಿಗೆ ಗುಲಾಮರಾಗಿ ಬಂದ ಪರದೇಶಿ. ಆದರೂ ಬರಗಾಲ ಎದುರಿದ್ದಾಗ ಆ ನಾಡಿನ ಭಂಡಾರದ ಹೊಣೆಯನ್ನು ತಾವೇ ಕೇಳಿ ಪಡೆದರೆಂದು ಕುರ್‌ಆನ್ ತಿಳಿಸುತ್ತದೆ (12:55). ಹಬಶಾಕ್ಕೆ ಹಿಜ್ರತ್ ಹೋದ ಸಹಾಬಿಗಳು, ಆಶ್ರಯ ಕೊಟ್ಟ ನಜ್ಜಾಶಿ ದೊರೆಗೆ ಶತ್ರು ಎದುರಾದಾಗ ಅವನ ಗೆಲುವಿಗಾಗಿ ದುಆ ಮಾಡಿದರೆಂದು ಉಮ್ಮು ಸಲಮಾ(ರ) ವಿವರಿಸಿದ್ದಾರೆ. ಅನ್ನ ಕೊಟ್ಟ ನಾಡಿನ ಹಿತ ಬಯಸುವುದು ನಮಗೆ ಹೊಸತಲ್ಲ.

ಆದರೆ ಕಾನೂನು ಎಲ್ಲೆಡೆ ಒಂದೇ ಅಲ್ಲ. ಸೌದಿ, ಯುಎಇಯಲ್ಲಿ ಎಷ್ಟು ವರ್ಷ ದುಡಿದರೂ ವಿದೇಶಿಗೆ ಮತವಿಲ್ಲ. ವೀಸಾ ಒಂದು ಕರಾರು. ಕರಾರು ಪಾಲಿಸುವುದು ಮೋಮಿನನ ಕರ್ತವ್ಯ (5:1). ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸವಿರುವ ಭಾರತೀಯ, ಕಾಮನ್‌ವೆಲ್ತ್ ದೇಶದವನೆಂಬ ಕಾರಣಕ್ಕೆ, ಅಲ್ಲಿನ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಕಲಬುರಗಿ ಮೂಲದ ನೀರಜ್ ಪಾಟೀಲ್ 2010ರಲ್ಲಿ ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆದರು. ತುಮಕೂರು ಜಿಲ್ಲೆಯ ಚಂದ್ರ ಆರ್ಯ 2015ರಲ್ಲಿ ಕೆನಡಾದ ಸಂಸದರಾಗಿ, 2022ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲೇ ಮಾತನಾಡಿದರು.

ಹಾಗಾದರೆ ಗಲ್ಫ್‌ನಲ್ಲಿರುವ ನಮ್ಮ ಹುಡುಗರು ಎಲ್ಲಿಯೂ ಮತದಾರರಲ್ಲವೇ? ಹಾಗಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಬೇರೆ ದೇಶದ ಪೌರತ್ವ ಪಡೆಯದ ಭಾರತೀಯ ನಮೂನೆ-6ಎ ಸಲ್ಲಿಸಿ, ಪಾಸ್‌ಪೋರ್ಟ್‌ನಲ್ಲಿರುವ ಊರಿನ ಪಟ್ಟಿಗೆ ಹೆಸರು ಸೇರಿಸಬಹುದು. ಮತದಾನದ ದಿನ ಮೂಲ ಪಾಸ್‌ಪೋರ್ಟ್‌ನೊಂದಿಗೆ ತಾನೇ ಮತಗಟ್ಟೆಗೆ ಬರಬೇಕು. ಟಿಕೆಟ್ಟಿನ ಖರ್ಚು ಯಾರಿಗೆ ತಾನೇ ಸುಲಭ? ಆದರೂ ಪಟ್ಟಿಯಲ್ಲಿ ಹೆಸರಿದ್ದರೆ, ರಜೆಗೆ ಬಂದಾಗ ಚುನಾವಣೆ ಕೂಡಿಬಂದರೆ ಹಕ್ಕು ಕೈಯಲ್ಲಿರುತ್ತದೆ.

ಬೆಂಗಳೂರಿಗೆ ಮನೆ ಬದಲಿಸಿದವರು ನಮೂನೆ-8 ತುಂಬಿ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ಪಲಮನೇರಿನಿಂದ ಬಂದವರಿಗೂ ಇದೇ ನಿಯಮ. "ಅಲ್ಲೂ ಇರಲಿ, ಇಲ್ಲೂ ಇರಲಿ" ಎನ್ನಬೇಡಿ. ಎರಡು ಕಡೆ ಹೆಸರಿರಲು ಕಾನೂನು ಒಪ್ಪುವುದಿಲ್ಲ. ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಮತ ಒಂದು ಸಾಕ್ಷ್ಯವೆಂದು ಉಲಮಾಗಳು ಹೇಳಿದ್ದಾರೆ. ಸಾಕ್ಷ್ಯ ಬಚ್ಚಿಡುವುದು ಪಾಪ (2:283). ಸುಳ್ಳು ಸಾಕ್ಷ್ಯವಂತೂ ಮಹಾಪಾಪ.

ಈ ವಾರ ಮನೆಯಲ್ಲಿ ಎಲ್ಲರ ಹೆಸರನ್ನೂ ಪಟ್ಟಿಯಲ್ಲಿ ನೋಡಿಕೊಳ್ಳಿ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಲ್ಲೇ ಉಳಿದಿದ್ದರೆ ಬದಲಿಸಿ. ದೂರದಲ್ಲಿರುವ ಮಗನಿಗೆ ಫೋನಿನಲ್ಲಿ ತಿಳಿಸಿ. ಅಮಾನತ್ತನ್ನು ಕಾಪಾಡುವ ತೌಫೀಕ್ ಅಲ್ಲಾಹನು ನಮಗೆಲ್ಲ ನೀಡಲಿ. ಆಮೀನ್.