ಡಿ ವಿಟಮಿನ್ ಮಾತ್ರೆ ಕಿಡ್ನಿಯನ್ನು ಕಾಯುತ್ತದೆಯೇ?

ಪ್ರಶ್ನೆ: ಹದಿನಾಲ್ಕರ ಮಗಳಿಗೆ ಟೈಪ್ 1 ಮಧುಮೇಹ. ಡಿ ವಿಟಮಿನ್ ಕೊಟ್ಟರೆ ಕಿಡ್ನಿಗೆ ರಕ್ಷಣೆಯೇ?

ಉತ್ತರ: ಮಾತ್ರೆಯೊಂದನ್ನೇ ನಂಬಿ ಕೂರಬೇಡಿ. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ ಈ ವಿಟಮಿನ್ ಯಕೃತ್ತನ್ನು ಹಾದು, ಮುಖ್ಯವಾಗಿ ಕಿಡ್ನಿಯಲ್ಲೇ ಸಕ್ರಿಯ ರೂಪ ಪಡೆಯುತ್ತದೆ; ನಂಟಿರುವುದು ನಿಜ. ಆದರೆ ಅಮೆರಿಕದಲ್ಲಿ ಟೈಪ್ 2 ಮಧುಮೇಹವಿದ್ದ 1,312 ವಯಸ್ಕರ ಮೇಲೆ ಐದು ವರ್ಷ ನಡೆದು, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ಕೊಟ್ಟರೂ ಕಿಡ್ನಿ ಸೊರಗುವ ವೇಗ ಗಮನಾರ್ಹವಾಗಿ ತಗ್ಗಲಿಲ್ಲ. ಮಕ್ಕಳ ಮಾತು ಬೇರೆಯಿರಬಹುದು. ಕೊರತೆಯಿದ್ದರೆ ಮೂಳೆಗಾಗಿ ಖಂಡಿತ ಕೊಡಿ, ವೈದ್ಯರು ಹೇಳಿದಷ್ಟೇ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಪೆಟ್ಟು. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿರಲಿ. ಮಧುಮೇಹ ಬಂದು ಐದು ವರ್ಷವಾಗಿದ್ದರೆ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಪರೀಕ್ಷೆ ತಪ್ಪಿಸಲೇಬೇಡಿ: ಊತ, ನೋವು ಏನೂ ಕಾಣದ ಹಂತದಲ್ಲೇ ಅದು ಹಾನಿಯ ಸುಳಿವು ಕೊಡುತ್ತದೆ.