ವರ್ಚುವಲ್ ಅಸಿಸ್ಟೆಂಟ್ ಆಗೋಕೆ ಏನು ಕಲಿತಿರಬೇಕು?

ಡಿಗ್ರಿ ಇಲ್ದೆ ವರ್ಚುವಲ್ ಅಸಿಸ್ಟೆಂಟ್ ಆಗಬಹುದಾ?

ಆಗಬಹುದು.
ಲೈಸೆನ್ಸ್ ಬೇಕಿಲ್ಲ.
ಕಡ್ಡಾಯ ಪರೀಕ್ಷೆನೂ ಇಲ್ಲ.
ಆದ್ರೆ ಕಲಿಕೆ ಬೇಕೇ ಬೇಕು.

ಇದು ಎಂಥ ಕೆಲಸ?
ಮದುವೆ ಮನೆಯಲ್ಲಿ ಉಗ್ರಾಣ ನೋಡ್ಕೊಳ್ಳೋರು ಇರ್ತಾರಲ್ಲ,
ಅವರು ಮಂಟಪದಲ್ಲಿ ಕಾಣಲ್ಲ.
ಆದ್ರೆ ಯಾವುದು ಎಲ್ಲಿದೆ,
ಯಾವಾಗ ಬೇಕು,
ಎಲ್ಲಾ ಅವರಿಗೇ ಗೊತ್ತು.
ನೀವು ಅದನ್ನೇ ಮಾಡ್ತೀರಿ,
ಮನೆಯಲ್ಲೇ ಕೂತು,
ಬೇರೆಯವರ ಆಫೀಸಿಗೆ.

ಏನು ಕಲೀಬೇಕು?

ಒಂದು, ಚಿಕ್ಕದಾಗಿ, ತಪ್ಪಿಲ್ಲದೆ ಇಮೇಲ್ ಬರೆಯೋದು.

ಎರಡು, ಗೂಗಲ್ ಕ್ಯಾಲೆಂಡರ್, ಶೀಟ್ಸ್, ಡ್ರೈವ್.

ಮೂರು, ಗಡಿಯಾರದ ಲೆಕ್ಕ.
ಕೆಲಸ ಕೊಟ್ಟವರು ನ್ಯೂಯಾರ್ಕ್‌ನಲ್ಲಿದ್ರೆ, ಅವರಿಗಿಂತ ನಾವು ಅಲ್ಲಿನ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಮುಂದೆ.
ಚಳಿಗಾಲದಲ್ಲಿ ಹತ್ತೂವರೆ.
ಇದು ತಪ್ಪಿದ್ರೆ ಮೀಟಿಂಗೇ ತಪ್ಪುತ್ತೆ.

ನಾಲ್ಕು, ಗುಟ್ಟು ಕಾಪಾಡೋದು.
ಕೆಲಸ ಕೊಟ್ಟವರ ಪಾಸ್‌ವರ್ಡ್, ಅವರ ಲೆಕ್ಕ,
ಯಾರ ಹತ್ರನೂ ಬಾಯಿ ಬಿಡಬಾರದು.

ಎಲ್ಲಿ ಕಲೀಬೇಕು?
ಭಾರತ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಪಾಠ ಉಚಿತ.
ಹಬ್‌ಸ್ಪಾಟ್ ಅಕಾಡೆಮಿಯಲ್ಲಿ ಇಮೇಲ್ ಮಾರ್ಕೆಟಿಂಗ್ ಕಲಿತು
ಉಚಿತವಾಗಿ ಸರ್ಟಿಫಿಕೇಟ್ ಪಡೀಬಹುದು.

ಆದ್ರೆ ಸರ್ಟಿಫಿಕೇಟ್ ಒಂದೇ ಸಾಲದು.
ನಿಮ್ಮ ಕೆಲಸದ ಮಾದರಿ ತೋರಿಸಿ.
ಒಂದು ಪ್ರವಾಸದ ಪ್ಲಾನ್,
ಒಂದು ಖರ್ಚಿನ ಶೀಟ್,
ಒಂದು ವಾರದ ಕ್ಯಾಲೆಂಡರ್.
ಮೂರೂ ನೀವೇ ಮಾಡಿರಬೇಕು.

ಒಂದು ಎಚ್ಚರಿಕೆ.
ಕೆಲಸ ಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂದ್ರೆ,
ಕಟ್ಟಬೇಡಿ.
ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಕರೆ ಮಾಡಿ.
ಅದು ಸೈಬರ್ ವಂಚನೆಯ ಸಹಾಯವಾಣಿ.

ಕೆಲಸ ಹುಡುಕ್ತಿರೋ ನಿಮ್ಮ ಅಕ್ಕನಿಗೋ ಗೆಳೆಯನಿಗೋ
ಈ ವಿಡಿಯೋ ಕಳಿಸಿ.
ಮೊದಲ ಮಾದರಿ ಶೀಟ್ ಇವತ್ತೇ ಶುರು ಮಾಡಿ.